ಮಸೂರ ಮಾರ್ಜನ ಮೀಮಾಂಸೆ: ಕೆಂಚಾರ್ಲಹಳ್ಳಿ ಪಾಠ

ಪೀಠಿಕೆ

ಕ್ಯಾಮೆರಾ ಲೆನ್ಸನ್ನು ಯಾವುದರಿಂದ ಒರೆಸಬೇಕು ಎಂಬುದರ ಬಗ್ಗೆ ನಮ್ಮ ಪ್ರಾಚೀನರು ಏನೂ ಹೇಳಿಲ್ಲ. ಆಗ ಕ್ಯಾಮೆರಾ ಇರಲಿಲ್ಲವಲ್ಲ ಎಂಬ ಸಮಾಧಾನ ಸಾಲದು. ವಿಮಾನದ ವಿಷಯದಲ್ಲಿ ಆ ಅಡ್ಡಿ ಯಾರನ್ನೂ ತಡೆದಿಲ್ಲ. ಭಗವದ್ಗೀತೆಯ ಮೂರನೆಯ ಅಧ್ಯಾಯ ಧೂಳು ಮುಚ್ಚಿದ ಕನ್ನಡಿಯ ಮಾತೆತ್ತುತ್ತದೆ, ಆದರೆ ಯಾವ ಬಟ್ಟೆ ಎಂಬ ಪ್ರಶ್ನೆಗೆ ಬರುವ ಮೊದಲೇ ಕಾಮಕ್ರೋಧಗಳ ಕಡೆ ಹೊರಳಿಬಿಡುತ್ತದೆ. ಶ್ವೇತಾಶ್ವತರ ಉಪನಿಷತ್ತು ಮಣ್ಣು ಮೆತ್ತಿದ ಬಿಂಬ ಚೆನ್ನಾಗಿ ತೊಳೆದ ಮೇಲೆ ಹೊಳೆಯುತ್ತದೆ ಎನ್ನುವುದರಿಂದ ಅದನ್ನು ತೊಳೆಯುವವರ ಪಕ್ಷಕ್ಕೆ ಸೇರಿಸಬಹುದು; ಬೋರ್‌ವೆಲ್ ನೀರೋ ಡಿಸ್ಟಿಲ್ಡ್ ವಾಟರೋ ಎಂಬಲ್ಲಿ ಋಷಿ ಮೌನ. ಬೇಲೂರಿನ ದರ್ಪಣಸುಂದರಿಯಂತೂ ಹೊಯ್ಸಳರ ಕಾಲದಿಂದ ಕನ್ನಡಿ ಹಿಡಿದೇ ನಿಂತಿದ್ದಾಳೆ. ಒಮ್ಮೆಯೂ ಒರೆಸಿದಂತಿಲ್ಲ.

ಈ ಕೊರತೆ ತುಂಬಲು ಪ್ರಸ್ತುತ ಲೇಖಕರು (ನಾನೇ, ಹೀಗೆ ಬರೆದರೆ ತೂಕ ಬರುತ್ತದೆ) ಅಧ್ಯಯನಕ್ಷೇತ್ರವಾಗಿ ಆರಿಸಿಕೊಂಡದ್ದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯನ್ನು. ಆಯ್ಕೆಗೆ ಕಾರಣ ಧೂಳು. ಮಲೆನಾಡಿನಲ್ಲಿ ಲೆನ್ಸಿಗೆ ಹಿಡಿಯುವುದು ಬೂಷ್ಟು. ತೇವದ ಗಾಳಿ ವಾರಗಟ್ಟಲೆ ನಿಂತರೆ ಅದು ಗಾಜಿನ ಒಳಮುಖದಲ್ಲಿ ಎಳೆ ಬಿಟ್ಟು, ತಾನು ಸ್ರವಿಸುವ ಆಮ್ಲದಿಂದ ಮೇಲಿನ ಲೇಪವನ್ನೂ ಅಡಿಯ ಗಾಜನ್ನೂ ಕೊರೆಯುತ್ತದೆ. ಆ ಅಧ್ಯಾಯವನ್ನು ಆಗುಂಬೆಯ ವಿದ್ವಾಂಸರು ಬರೆಯಲಿ. ಕೆಂಚಾರ್ಲಹಳ್ಳಿಯ ಬೇಸಿಗೆಯಲ್ಲಿ ಬೂಷ್ಟಿಗೂ ಬದುಕುವುದು ಕಷ್ಟ.

ಒಂದನೆಯ ಅಧಿಕರಣ: ಧೂಳಿನ ಲಕ್ಷಣ

ಧೂಳು ಎರಡು ಬಗೆ: ಬಂದದ್ದು, ಒರೆಸಿದ್ದು. ಬಂದ ಧೂಳು ಲೆನ್ಸಿನ ಮೇಲೆ ಸುಮ್ಮನೆ ಕೂತಿರುತ್ತದೆ. ಒರೆಸಿದ ಧೂಳು ಕೆಲಸ ಆರಂಭಿಸುತ್ತದೆ.

ಈ ಸೀಮೆಯ ಕೆಂಪುಮಣ್ಣು ಗ್ರಾನೈಟು ಮತ್ತು ಅದರ ದಾಯಾದಿ ಕಲ್ಲುಗಳು ಸವೆದು ಆದದ್ದು. ಅದರಲ್ಲಿ ಬೆಣಚುಕಲ್ಲಿನ ಪುಡಿ ಇದ್ದೇ ಇರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7. ಲೆನ್ಸಿನ ಗಾಜಿಗೆ ಐದೂವರೆಯಿಂದ ಆರರ ಆಸುಪಾಸು. ಅಂದರೆ ಕೆಂಚಾರ್ಲಹಳ್ಳಿಯ ಧೂಳು, ಜರ್ಮನಿಯಲ್ಲೋ ಜಪಾನಿನಲ್ಲೋ ತಿಂಗಳುಗಟ್ಟಲೆ ನಯ ಮಾಡಿದ ಗಾಜಿಗಿಂತ ಗಟ್ಟಿ. ಅದರ ಮೇಲೆ ಬೆರಳಿಟ್ಟು ಒತ್ತಿ ಉಜ್ಜುವವನು ಮರಗೆಲಸದ ಉಪ್ಪುಕಾಗದವನ್ನು ಬಟ್ಟೆಯ ರೂಪದಲ್ಲಿ ಹಿಡಿದಿದ್ದಾನೆ ಎಂದರ್ಥ.

ಇನ್ನು ಧೂಳು ಕೂತರೆ ಚಿತ್ರಕ್ಕೆ ಏನಾಗುತ್ತದೆ? ಇಲ್ಲಿ ಸಣ್ಣ ಗಣಿತ ಅನಿವಾರ್ಯ. ಮುಂದಿನ ಗಾಜಿನ ಅಡ್ಡಳತೆ 50 ಮಿಲಿಮೀಟರ್ ಇರಲಿ. ಅದರ ಮೇಲೆ 1 ಮಿಲಿಮೀಟರಿನ ಒಂದು ಕಣ, ಅಂದರೆ ರಾಗಿ ಕಾಳಿನಷ್ಟು ದಪ್ಪನೆಯ ಕಸ, ಕೂತರೆ ಅದು ತಡೆಯುವ ಬೆಳಕು 2,500ರಲ್ಲಿ ಒಂದು ಪಾಲು. ಕ್ಯಾಮೆರಾದ ಗಮನ ದೂರದ ಮದುಮಗಳ ಮೇಲಿರುವುದರಿಂದ ಮೂಗಿನ ತುದಿಯಲ್ಲಿರುವ ಈ ಕಣಕ್ಕೆ ಚಿತ್ರದಲ್ಲಿ ಆಕಾರವೇ ಇಲ್ಲ, ಎಲ್ಲೋ ಕರಗಿಹೋಗುತ್ತದೆ. ಹತ್ತು ಕಾಳು ಕೂತರೂ ಆಲ್ಬಮ್ಮಿನಲ್ಲಿ ಯಾರೂ ಗುರುತಿಸಲಾರರು. ಈ ಫಲಿತಾಂಶವನ್ನು ಊರಿನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಕಣ್ಣಿಗೆ ಕಾಣುವ ಕೊಳೆ ಫೋಟೊಗೆ ಕಾಣದೆ ಇರುತ್ತದೆಯೇ ಎಂಬುದು ಅವರ ತರ್ಕ. ತರ್ಕಶಾಸ್ತ್ರದ ದೃಷ್ಟಿಯಿಂದ ಅವರೇ ಗೆದ್ದರು.

ಎರಡನೆಯ ಅಧಿಕರಣ: ಸಂಪ್ರದಾಯಗಳು

ಲೆನ್ಸು ಒರೆಸುವ ವಿಷಯದಲ್ಲಿ ಕೆಂಚಾರ್ಲಹಳ್ಳಿಯಲ್ಲಿ ಪ್ರಚಲಿತವಿರುವ ಮತಗಳನ್ನು ಶ್ವಾಸಮತ, ವಸ್ತ್ರಮತ, ದ್ರವಮತ ಎಂದು ವಿಂಗಡಿಸಬಹುದು. ಒಬ್ಬರೇ ಮೂರನ್ನೂ ಪಾಲಿಸುವುದುಂಟು, ಒಂದೇ ಮದುವೆಯಲ್ಲಿ.

ಶ್ವಾಸಮತದಲ್ಲಿ ಎರಡು ಕವಲು. ಬಾಯಿ ಅಗಲಿಸಿ 'ಹಾ' ಎನ್ನುವವರು ಮೊದಲನೆಯವರು. ಇವರ ಉಸಿರಿನ ಬಿಸಿ ಆವಿ ತಣ್ಣನೆಯ ಗಾಜಿಗೆ ತಾಗಿ ಮಂಜಾಗುತ್ತದೆ; ಆ ಮಂಜು ಬಹುಮಟ್ಟಿಗೆ ಶುದ್ಧ ನೀರೇ ಆದ್ದರಿಂದ ಈ ಕವಲಿಗೆ ಶಾಸ್ತ್ರದ ಬೆಂಬಲ ತಕ್ಕಮಟ್ಟಿಗೆ ಇದೆ. ತುಟಿ ಕೂಡಿಸಿ 'ಉಫ್' ಎನ್ನುವವರು ಎರಡನೆಯವರು. ಕಿರಿದಾದ ಬಾಯಿಂದ ರಭಸವಾಗಿ ಹೊರಟ ಗಾಳಿ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ತಣ್ಣಗಾಗುತ್ತದೆ, ಜೊತೆಗೆ ಎಂಜಲಿನ ಹನಿಗಳನ್ನೂ ಒಯ್ಯುತ್ತದೆ. ಛಾಯಾಗ್ರಾಹಕರು ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡಿದ್ದರೆ ಆ ಹನಿಗಳ ಬಣ್ಣ ಬೇರೆ. ಆರತಕ್ಷತೆಯ ಕೆಲವು ಚಿತ್ರಗಳಲ್ಲಿ ವಧೂವರರ ಕೆನ್ನೆಗೆ ಬಂದ ವಿಶೇಷ ಕೆಂಪಿಗೆ ನಾಚಿಕೆಯೊಂದೇ ಕಾರಣವೆಂದು ಹೇಳಲು ಬರುವುದಿಲ್ಲ. ರಬ್ಬರ್ ಬುರುಡೆಯ ಬ್ಲೋವರ್ ಇವರಿಬ್ಬರ ಜಗಳ ತೀರಿಸಲೆಂದೇ ಹುಟ್ಟಿದ ಸಾಧನ. ಒತ್ತಿದರೆ ಒಣಗಾಳಿ, ಎಂಜಲಿಲ್ಲ. ಊರಿನ ಫೋಟೊ ಸ್ಟುಡಿಯೊದಲ್ಲಿ ಅದು ಇತ್ತು. ಮಾಲೀಕರ ಮೊಮ್ಮಗ ಅದನ್ನು ಪೀಪಿ ಎಂದು ಭಾವಿಸಿ ಬಳಕೆಗೆ ತಂದಿದ್ದ.

ವಸ್ತ್ರಮತ ಹೆಚ್ಚು ಜನಪ್ರಿಯ. ಪಂಚೆಯ ಚುಂಗು, ಹೆಗಲ ಟವೆಲ್ಲು, ಸೀರೆಯ ಸೆರಗು, ಅಂಗಿಯ ಅಂಚು: ಇವು ಶ್ರೇಣಿಯ ಪ್ರಕಾರ ಮೇಲಿಂದ ಕೆಳಕ್ಕೆ. ಪಂಚೆ ಹತ್ತಿಯದಾದ್ದರಿಂದ ಉತ್ತಮ ಎಂಬುದು ಹಿರಿಯರ ವಾದ. ಹತ್ತಿ ಉತ್ತಮವೇ, ಆದರೆ ಆ ಪಂಚೆ ಬೆಳಿಗ್ಗೆಯಿಂದ ಕೆಂಚಾರ್ಲಹಳ್ಳಿಯ ರಸ್ತೆಯಲ್ಲಿ ನಡೆದಿದೆ ಎಂಬುದನ್ನು ವಾದ ಮರೆಯುತ್ತದೆ. ರೈತರು ರಾಗಿ ತೆನೆಯನ್ನು ಟಾರು ರಸ್ತೆಗೇ ಹರಡಿ ಬಸ್ಸು, ಲಾರಿಗಳಿಂದ ತುಳಿಸುವ ದಿನಗಳಲ್ಲಂತೂ ಆ ರಸ್ತೆಯ ಗಾಳಿಯಲ್ಲಿ ತೆನೆಯ ಹೊಟ್ಟು, ಮಣ್ಣು, ಡೀಸೆಲ್ ಮಸಿ ಮೂರೂ ಸಮ ಪಾಲಿನಲ್ಲಿರುತ್ತವೆ. ಟೊಮೆಟೊ ಮಂಡಿಯಿಂದ ನೇರ ಬಂದ ಟವೆಲ್ಲಿನ ಬಗ್ಗೆ ಬೇರೆಯೇ ಪ್ರಬಂಧ ಬರೆಯಬಹುದು.

ರೇಷ್ಮೆಯ ಪ್ರಶ್ನೆ ಸೂಕ್ಷ್ಮವಾದದ್ದು. ಪಕ್ಕದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಈ ಸುತ್ತಿನ ಚಂದ್ರಿಕೆಗಳಿಂದ ಬಿಡಿಸಿದ ಗೂಡು ಹೋಗುತ್ತದೆ. ಇಷ್ಟು ರೇಷ್ಮೆಯ ನಡುವೆ ಇದ್ದು ಮೈಕ್ರೊಫೈಬರ್ ಎಂಬ ಪ್ಲಾಸ್ಟಿಕ್ ಬಟ್ಟೆಗೆ ಕೈಯೊಡ್ಡುವುದೇ ಎಂದು ಸ್ವಾಭಿಮಾನಿಗಳು ಕೇಳುತ್ತಾರೆ. ಉತ್ತರ ಸ್ವಾಭಿಮಾನಕ್ಕೆ ಒಪ್ಪುವುದಲ್ಲ. ರೇಷ್ಮೆ ಎಳೆ ನುಣುಪು, ಕೊಳೆಯ ಮೇಲೆ ಜಾರಿಹೋಗುತ್ತದೆ, ಜಿಡ್ಡನ್ನು ಹೀರುವುದು ಕಡಿಮೆ. ಮೈಕ್ರೊಫೈಬರಿನ ಸೀಳಿದ ಎಳೆಗಳು ಕೊಳೆಯನ್ನು ತಮ್ಮ ಸಂದುಗಳಿಗೆ ಎತ್ತಿಕೊಳ್ಳುತ್ತವೆ. ಎತ್ತಿಕೊಂಡದ್ದನ್ನು ಬಿಡುವುದಿಲ್ಲ ಎಂಬುದೇ ಅದರ ದೋಷ ಕೂಡ: ಒಗೆಯದ ಮೈಕ್ರೊಫೈಬರು ಹೋದ ವರ್ಷದ ಧೂಳನ್ನು ಈ ವರ್ಷದ ಗಾಜಿಗೆ ಹಚ್ಚುತ್ತದೆ.

ದ್ರವಮತದವರಲ್ಲಿ ಅಜ್ಜಿಯರದು ಪ್ರಬಲ ಪಕ್ಷ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರೆ ಫಳಫಳ ಹೊಳೆಯುವುದಿಲ್ಲವೇ, ಇದಕ್ಕೇನು ಬಂತು ಧಾಡಿ? ಹುಣಸೆ ಆಮ್ಲ, ಬೂದಿ ಒರಟು. ಎರಡೂ ಸೇರಿದರೆ ಲೆನ್ಸು ನಿಜಕ್ಕೂ ಹೊಳೆಯುತ್ತದೆ, ಮುಂದೆಂದೂ ಚಿತ್ರ ಮಾತ್ರ ಮೂಡುವುದಿಲ್ಲ. ಯುವಕರು 2020ರಿಂದ ಸ್ಯಾನಿಟೈಸರ್ ಪಕ್ಷಕ್ಕೆ ವಲಸೆ ಹೋಗಿದ್ದಾರೆ. ಆಲ್ಕೊಹಾಲ್ ಸರಿಯೇ, ಲೆನ್ಸು ಶುದ್ಧಿಯ ದ್ರವಗಳಲ್ಲೂ ಅದುಂಟು. ಆದರೆ ಕೈ ಒಣಗದಿರಲಿ ಎಂದು ಸ್ಯಾನಿಟೈಸರಿಗೆ ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಗಾಜಿನ ಮೇಲೆ ಪೊರೆಯಾಗಿ ಉಳಿಯುತ್ತದೆ. ಲೆನ್ಸಿನ ಚರ್ಮ ಮೃದುವಾಗುತ್ತದೆ ಅಷ್ಟೇ.

ಮೂರನೆಯ ಅಧಿಕರಣ: ಲೆನ್ಸಿನ ಹಿಂಬದಿಯ ಗಾಜು

ಮುಟ್ಟಬೇಡಿ.

ನಾಲ್ಕನೆಯ ಅಧಿಕರಣ: ಫ್ಲೋರೈಡ್ ಪ್ರಕರಣ

ಈ ಪ್ರಬಂಧದ ಮೂಲ ಶೋಧನೆ ಎನ್ನಬಹುದಾದದ್ದು ಇಲ್ಲಿದೆ. ಲೇಪವಿಲ್ಲದ ಗಾಜು ತನ್ನ ಪ್ರತಿ ಮುಖದಿಂದಲೂ ಬೆಳಕಿನ ಶೇ 4ರಷ್ಟನ್ನು ವಾಪಸು ಕಳಿಸುತ್ತದೆ. ಒಂದು ಲೆನ್ಸಿನೊಳಗೆ ಹತ್ತಾರು ಮುಖಗಳಿರುವುದರಿಂದ ನಷ್ಟ ಸಣ್ಣದಲ್ಲ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ತೆಳುವಾದ ಪೊರೆ ಕೂರಿಸಿ ಇದನ್ನು ತಗ್ಗಿಸುವ ವಿಧಾನ ಕಂಡುಹಿಡಿದ. ಈ ಪೊರೆಗೆ ಬಹುಕಾಲ ಬಳಕೆಯಲ್ಲಿರುವ ವಸ್ತು ಮೆಗ್ನೀಸಿಯಂ ಫ್ಲೋರೈಡ್.

ಈಗ ಚಿಂತಾಮಣಿ ತಾಲ್ಲೂಕಿಗೆ ಬನ್ನಿ. ಇಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಸಿಕ್ಕರೆ ಅದು ಗಡಸು ನೀರು, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಂಟು. ಹಳೆಯ ಕೋಲಾರ ಜಿಲ್ಲೆಯ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡು ಕುಡಿಯುವ ನೀರಿಗೆ ನಿಗದಿಯಾದ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಮೆಗ್ನೀಸಿಯಂ ಇದೆ, ಫ್ಲೋರೈಡ್ ಇದೆ. ಹಾಗಾದರೆ ಲೆನ್ಸನ್ನು ಬೋರ್ ನೀರಲ್ಲಿ ಅದ್ದಿ ಒಣಗಿಸಿದರೆ ಝೈಸ್ ಲೇಪ ಪುಕ್ಕಟೆ ಸಿಗಬೇಕಲ್ಲವೇ?

ಪೂರ್ವಪಕ್ಷವಾಗಿ ಇದು ಮನೋಹರ. ಖಂಡನೆ ಹೀಗೆ: ಆ ಪೊರೆಯ ದಪ್ಪ ಬೆಳಕಿನ ಅಲೆಯ ಕಾಲು ಭಾಗ, ಸುಮಾರು 100 ನ್ಯಾನೊಮೀಟರ್, ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ ಇರಬೇಕು. ಅದನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಆವಿಯಾಗಿಸಿ ಕೂರಿಸುತ್ತಾರೆ. ಬೋರ್ ನೀರು ಕೂರಿಸುವುದು ಬಿಳಿ ಉಪ್ಪಿನ ಚಕ್ಕೆ. ಸೋಲಾರ್ ಗೀಸರಿನ ಕೊಳವೆಯೊಳಗೆ ಇದರ ಉತ್ತಮ ಮಾದರಿ ದೊರೆಯುತ್ತದೆ. ಸರ್ಕಾರ ಕೊಟ್ಟ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಇದಕ್ಕಿಂತ ಮೇಲು. ಆದರೆ ಆ ಘಟಕ ಇರುವುದು ಲೆನ್ಸುಗಳಿಗಲ್ಲ, ಸರದಿಯಲ್ಲಿ ನಿಂತವರು ಅದನ್ನು ನೆನಪಿಸಿದರು.

ಐದನೆಯ ಅಧಿಕರಣ: ಹೊಸಕೋಟೆ, ಗೌರಿಬಿದನೂರುಗಳೊಡನೆ ತುಲನೆ

ಚಿಂತಾಮಣಿಯಿಂದ ಬೆಂಗಳೂರಿಗೆ ಬಸ್ಸು ಹತ್ತಿದರೆ ನಡುವೆ ಹೊಸಕೋಟೆ. ಅಲ್ಲಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವಾದ ಕರೋನಾಗ್ರಾಫ್ ಜೋಡಣೆಯಾಯಿತು. ನೌಕೆ 2023ರ ಸೆಪ್ಟೆಂಬರ್ 2ರಂದು ಹಾರಿತು. ಸೂರ್ಯನ ಬಿಂಬದ ಪಕ್ಕದಲ್ಲೇ ಅದರ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಮಂಕಾದ ಕರೋನಾವನ್ನು ನೋಡುವುದು ಈ ಉಪಕರಣದ ಕೆಲಸ. ಕನ್ನಡಿಯ ಮೇಲಿನ ಧೂಳು ಚದುರಿಸುವ ಬಿಸಿಲೇ ಕರೋನಾವನ್ನು ಮುಳುಗಿಸಿಬಿಡಬಲ್ಲದು. ಆದ್ದರಿಂದ ಕ್ಲೀನ್ ರೂಮ್. ಇದರ ಹಳೆಯ ಲೆಕ್ಕದಲ್ಲಿ 'ಕ್ಲಾಸ್ 100' ಎಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನಿಗಿಂತ ದೊಡ್ಡ ಕಣ ನೂರಕ್ಕಿಂತ ಹೆಚ್ಚಿರಬಾರದು. ಇದೇ ಲೆಕ್ಕದಲ್ಲಿ ಕೆಂಚಾರ್ಲಹಳ್ಳಿಯ ಬಸ್ ನಿಲ್ದಾಣ ಯಾವ ಕ್ಲಾಸು ಎಂದು ಹಾಕಲು ಹೊರಟರೆ ಸೊನ್ನೆಗಳು ಹಾಳೆಯ ಅಂಚು ದಾಟುತ್ತವೆ.

ಇನ್ನೊಂದು ದಿಕ್ಕಿಗೆ ಗೌರಿಬಿದನೂರು. ಅಲ್ಲಿ ಇದೇ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಿಂದ ನಡೆಸಿದ ರೇಡಿಯೊ ದೂರದರ್ಶಕವಿದೆ. ಪೂರ್ವಪಶ್ಚಿಮವಾಗಿ 1.4 ಕಿಲೊಮೀಟರ್ ಉದ್ದಕ್ಕೂ, ದಕ್ಷಿಣಕ್ಕೂ ನೆಟ್ಟ ಸಾವಿರ ಡೈಪೋಲ್ ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದವು. ಆ ತರಂಗದ ಉದ್ದ ಸುಮಾರು ಒಂಬತ್ತು ಮೀಟರ್. ಅದಕ್ಕೆ ಧೂಳು ಲೆಕ್ಕವಿಲ್ಲ, ಕಾಗೆ ಹಿಕ್ಕೆ ಲೆಕ್ಕವಿಲ್ಲ, ಮೇಯಲು ಬಂದ ಮೇಕೆಯೂ ಬಹುಶಃ ಲೆಕ್ಕವಿಲ್ಲ. ಗಾಜಿಲ್ಲ, ಕನ್ನಡಿಯಿಲ್ಲ. ಜಿಲ್ಲೆಯಲ್ಲಿ ಆಕಾಶ ನೋಡುವ ಉಪಕರಣಗಳ ಪೈಕಿ ಪಂಚೆಯ ಚುಂಗಿಗೆ ಸಿಕ್ಕದೆ ಪಾರಾದದ್ದು ಇದೊಂದೇ. ಮಾರ್ಜನ ಮೀಮಾಂಸಕರು ಅಲ್ಲಿಗೆ ಹೋದರೆ ನಿರುದ್ಯೋಗಿಗಳು.

ಆರನೆಯ ಅಧಿಕರಣ: ಹೆಬ್ಬೆರಳಿನ ಪುರಾತತ್ತ್ವ

ಮೊಬೈಲಿನ ಲೆನ್ಸು ಅಂಗಿ ಜೇಬಿನಲ್ಲಿ ಹುರಿದ ಕಡಲೆಕಾಯಿಯೊಂದಿಗೆ ಬಾಳುತ್ತದೆ. ಅದಕ್ಕೆ ಧೂಳಿಗಿಂತ ಜಿಡ್ಡು ವೈರಿ: ಬೆರಳಿನ ಎಣ್ಣೆ ಬೆಳಕನ್ನು ಹರಡಿ ಚಿತ್ರವನ್ನೆಲ್ಲ ಬೆಳ್ಳಗೆ ಮಾಡುತ್ತದೆ. ರಾತ್ರಿಯ ಚಿತ್ರದಲ್ಲಿ ಬೀದಿದೀಪದಿಂದ ಉದ್ದನೆಯ ಗೆರೆ ಹೊರಟಿದ್ದರೆ, ಆ ಗೆರೆಗೆ ಅಡ್ಡಲಾಗಿ ಹೆಬ್ಬೆರಳು ಚಲಿಸಿದೆ ಎಂದು ತಿಳಿಯಬೇಕು. ಜಿಡ್ಡಿನ ಸಾಲುಗಳು ಬೆಳಕನ್ನು ತಮಗೆ ಲಂಬವಾದ ದಿಕ್ಕಿಗೇ ಚದುರಿಸುತ್ತವೆ. ಊರಹಬ್ಬದ ರಾತ್ರಿ ಗುಂಪಿನಲ್ಲಿ ಹಂಚಿಕೆಯಾದ ಚಿತ್ರಗಳನ್ನು ಈ ಸೂತ್ರದಿಂದ ಪರಿಶೀಲಿಸಿ, ಯಾರ ಫೋನನ್ನು ಯಾರು ಒರೆಸಿಕೊಟ್ಟರು ಎಂಬುದನ್ನು ಪತ್ತೆ ಮಾಡಬಹುದು. ಎರಡು ಮನೆಗಳ ನಡುವೆ ಮಾತು ಬೆಳೆದೀತೆಂದು ಆ ಪಟ್ಟಿಯನ್ನು ಇಲ್ಲಿ ಕೊಟ್ಟಿಲ್ಲ.

ಸಿದ್ಧಾಂತ

ಕೊನೆಗೆ ಒರೆಸಬೇಕೋ ಬೇಡವೋ? ಇಂಗ್ಲೆಂಡಿನ ಲೆನ್ಸು ತಯಾರಕ ಡೆನ್ನಿಸ್ ಟೇಲರ್ 1890ರ ದಶಕದಲ್ಲಿ ವಿಚಿತ್ರವೊಂದನ್ನು ಗಮನಿಸಿದ. ವರ್ಷಗಟ್ಟಲೆ ಬಿಟ್ಟು ಮಂಕು ಹಿಡಿದ ಹಳೆಯ ಲೆನ್ಸು ಹೊಸದಕ್ಕಿಂತ ಹೆಚ್ಚು ಬೆಳಕು ಒಳಗೆ ಬಿಡುತ್ತಿತ್ತು. ಗಾಜಿನ ಮೇಲ್ಮೈ ತಾನಾಗಿ ಮಾಸಿ, ಸ್ಮಾಕುಲಾನ ಪೊರೆಯ ಕೆಲಸವನ್ನು ಮೊದಲೇ ಮಾಡಿಟ್ಟಿತ್ತು. ಟೇಲರ್ ಗಾಜನ್ನು ಬೇಕೆಂದೇ ಮಾಸಿಸುವ ವಿಧಾನಕ್ಕೆ 1904ರಲ್ಲಿ ಪೇಟೆಂಟನ್ನೂ ಪಡೆದ. ಇದರ ಬಲದಿಂದ ಪ್ರಸ್ತುತ ಲೇಖಕರ ಸಿದ್ಧಾಂತ: ಮೊದಲು ಬ್ಲೋವರು, ಹೋಗದಿದ್ದರೆ ಮೆತ್ತನೆಯ ಕುಂಚ, ಜಿಡ್ಡಿದ್ದರೆ ಮಾತ್ರ ಬಟ್ಟೆಗೆ ಎರಡು ಹನಿ ದ್ರವ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತ ಹಗುರಾಗಿ ಒರೆಸುವುದು. ಉಳಿದ ದಿನಗಳಲ್ಲಿ ಕೈ ಜೇಬಿನಲ್ಲಿರಲಿ.

ಸ್ಟುಡಿಯೊ ಮಾಲೀಕರು ಎಲ್ಲ ಕೇಳಿ ನಕ್ಕರು. "ಸಾರ್, ಮದುವೇಲಿ ಒರೆಸ್ದೆ ಇದ್ರೆ ಕಾಸು ಕೊಡಲ್ಲ. ಹೋಮದ ತುಪ್ಪದ ಹೊಗೆ, ಅರಿಶಿನದಕ್ಕಿ, ಪನ್ನೀರು ಎಲ್ಲಾ ಮುಖಕ್ಕೇ ಬೀಳ್ತದೆ. ನಾವು ಸುಮ್ನೆ ನಿಂತ್ರೆ ಜನ ಏನಂತಾರೆ?" ಅವರ ಪದ್ಧತಿ ಬೇರೆ. ಲೆನ್ಸಿನ ಮುಂದೆ ಒಂದು ಚಪ್ಪಟೆ ಗಾಜಿನ ಯುವಿ ಫಿಲ್ಟರು ತಿರುಗಿಸಿ ಹಾಕಿರುತ್ತಾರೆ, ಒರೆಸುವುದೆಲ್ಲ ಅದನ್ನೇ. ಗೀರು ಬಿದ್ದು ಮಬ್ಬಾದರೆ ಚಿಂತಾಮಣಿಯಿಂದ ಇನ್ನೊಂದು ತರುತ್ತಾರೆ, ಅದರ ಬೆಲೆ ಆಲ್ಬಮ್ಮಿನ ಬಿಲ್ಲಿನಲ್ಲಿ 'ಇತರೆ' ಎಂಬ ಸಾಲಿನಡಿ ಸೇರಿರುತ್ತದೆ.

ಮುಂದಿನ ಮುಹೂರ್ತದಲ್ಲಿ ಈ ಪದ್ಧತಿಯ ಪ್ರಯೋಗ ನೋಡಲು ಸಿಕ್ಕಿತು. ಹೆಣ್ಣಿನ ಸೋದರಮಾವ ಧಾರೆಯ ನಡುವೆ ಎದ್ದು, "ಏನಯ್ಯಾ, ಗಾಜು ಒರೆಸ್ದೆನೇ ಹೊಡೀತಾ ಇದೀಯಲ್ಲ!" ಎಂದರು. ಮಾಲೀಕರು ತಡಮಾಡದೆ ಫಿಲ್ಟರನ್ನು ಬಿಚ್ಚಿ ಎರಡೂ ಕೈಯಲ್ಲಿ ಮುಂದೆ ಹಿಡಿದರು. "ತಕೊಳ್ಳಿ ಯಜಮಾನ್ರೇ, ನಿಮ್ಮ ಕೈಯಿಂದಾನೇ ಆಗ್ಲಿ." ಯಜಮಾನರು ಪಂಚೆಯ ಚುಂಗು ಎತ್ತಿ, 'ಹಾ' ಎಂದು, ಧಾರೆ ಮುಗಿಯುವವರೆಗೂ ಉಜ್ಜುತ್ತಲೇ ಇದ್ದರು. ಅಷ್ಟರಲ್ಲಿ ಬರಿ ಲೆನ್ಸಿನಲ್ಲಿ ಧಾರೆಯ ಚಿತ್ರಗಳೆಲ್ಲ ತೆಗೆದಾಗಿತ್ತು.