ಪಟ್ಟಿಯಾಚೆಯ ಫಲಾನುಭವಿ

ಮುತ್ತು ಕಟ್ಟುವುದು, ಅಂದರೆ ಬಾಲೆಯರನ್ನು ದೇವದಾಸಿಯರಾಗಿ ದೇವಿಯ ಹೆಸರಿಗೆ ಬಿಡುವುದು, 1982ರ ಕಾಯ್ದೆಯಿಂದ ನಿಷಿದ್ಧವಾಗಿದ್ದು, ಹೀಗೆ ಬಿಡಲಾದವರ ನೆರವಿಗೆ ಮಾಜಿ ದೇವದಾಸಿಯರೇ 1997ರಲ್ಲಿ ‘ಮಾಸ್’ ಸಂಸ್ಥೆಯನ್ನು ಕಟ್ಟಿಕೊಂಡ ಘಟಪ್ರಭೆಯಲ್ಲಿ, ಕಲ್ಪಿತ ಕಚೇರಿಯೊಂದರ ಸಂವಾದವು (ಕಲ್ಪನೆಗೆ ಇಲ್ಲಿ ಹೆಚ್ಚು ಶ್ರಮವಿಲ್ಲ) ಹೀಗೆ ಸಾಗುತ್ತದೆ.

“ಸಾಹೇಬ್ರ, ಮಾಸಾಶನದ ಅರ್ಜಿ ಏನಾತರಿ?”

“2007–08ರ ದೇವದಾಸಿಯರ ಸಮೀಕ್ಷೆಯ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಬಾಯಿ.”

“ಆವಾಗ ನನ್ನ ಪುಣೆಕ್ಕ ಒಯ್ದು ಮಾರಿದ್ರರಿ.”

“ಹಾಗಾದರೆ ಒಯ್ದವರ ಸಹಿಯುಳ್ಳ ದೃಢೀಕರಣ ಪತ್ರ ತನ್ನಿ, ಜೆರಾಕ್ಸ್ ಎರಡು ಪ್ರತಿ.”

“ಪಂಚಾಯ್ತಿ ರೊಕ್ಕದಾಗರ ಏನಾರ ಆದೀತೇನ್ರಿ?”

“ಬೀದಿದೀಪಕ್ಕೆ ಲೆಕ್ಕಶೀರ್ಷಿಕೆ, ಅಂದರೆ ಖರ್ಚು ಬರೆಯುವ ಖಾತೆ, ಉಂಟು; ಆದರೆ ನಿಷೇಧವಾದ ಪದ್ಧತಿಗೆ ಬಲಿಯಾದವರಿಗೂ ಖಾತೆ ತೆರೆದರೆ, ಪದ್ಧತಿ ಇನ್ನೂ ಇದೆಯೆಂದು ಕಚೇರಿಯೇ ಒಪ್ಪಿದಂತಾಗುವುದಿಲ್ಲವೇ?”

“ನಾ ಇಲ್ಲೇ ನಿಂತೀನಲ್ರಿ.”

“ಅದನ್ನು ಲಿಖಿತವಾಗಿ ಕೊಡಿ.”