ಕೂಲಿ ಉಳಿಸಿದ ಮಾಸ್ತರರು

15 ವರ್ಷ ದಾಟಿದ ಕಾರಿಗೆ ಆರ್‌ಟಿಒ ಆಫೀಸು ಮತ್ತೆ 5 ವರ್ಷದ ಆಯುಷ್ಯ ಬರೆದುಕೊಡುತ್ತದೆ. ಅಲ್ಲಿ ಬ್ರೇಕು, ಲೈಟು, ಹೊಗೆ ನೋಡುತ್ತಾರೆ. ಬಾಗಿಲಿನ ಒಳಮೈ ನೋಡುವವರು ಬೀಗರು ಮಾತ್ರ. ಹಾಗಾಗಿ ಶಿರೂರಿನ ನಮ್ಮ ಓಣಿಯ ಮಾಸ್ತರರ ಮಾರುತಿ 800ಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿತ್ತೇ ಹೊರತು, ಕಿರಿಯ ಮಗಳ ಮದುವೆ ಮಾತಿಗೆ ಹೋಗುವ ಯೋಗ್ಯತೆ ಸಿಕ್ಕಿರಲಿಲ್ಲ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಗಾಡಿಯದು. ಅದರ ಬಾಗಿಲಿನ ಒಳಗಡೆ ದೊಡ್ಡ ರಹಸ್ಯವೇನಿಲ್ಲ. ಒಂದು ಹಾರ್ಡ್‌ಬೋರ್ಡ್ ಹಲಗೆ, ಅದರ ಮೇಲೆ ರೆಕ್ಸಿನ್, ಸುತ್ತ ಪ್ಲಾಸ್ಟಿಕ್ ಕ್ಲಿಪ್ಪು. 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯ ಬಿಸಿಲಿಗೆ ಅಂಟು ಒಣಗಿ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಮೊಳಕೈ ಬೆವರು ಎಲ್ಲ ಕುಡಿದು, ಮಾಸ್ತರರ ಕಾರಿನ ರೆಕ್ಸಿನ್ ಜೋತುಬಿದ್ದಿತ್ತು. ಬಾಗಲಕೋಟೆಯ ಕುಶನ್ ಅಂಗಡಿಯವನು ನಾಲ್ಕೂ ಬಾಗಿಲಿಗೆ ಸೇರಿಸಿ ಒಂದು ರೇಟು ಹೇಳಿದ. ಸಾಮಾನಿನ ರೇಟಿಗೆ ಮಾಸ್ತರರದು ತಕರಾರಿಲ್ಲ. ಕೂಲಿ ಕೇಳಿದ್ದೇ ಸಿಟ್ಟು ನೆತ್ತಿಗೇರಿತು. “ಅಂಟ ಹಚ್ಚಿ ಒತ್ತಾಕ ಇಷ್ಟು ಕೂಲೀನ? ಇದನ್ನ ನಾನs ಮಾಡ್ತೀನಿ ತಗೋ” ಎಂದು ಎದ್ದು ಬಂದರು.

ಬಂದವರೇ ಮೊಬೈಲಿನಲ್ಲಿ ಒಬ್ಬ ಅಮೆರಿಕದವನನ್ನು ಗುರುವಾಗಿ ಸ್ವೀಕರಿಸಿದರು. ಆ ದೇಶದಲ್ಲಿ ಕೈಕೆಲಸದವನು ಗಂಟೆ ಲೆಕ್ಕದಲ್ಲಿ ಬಿಲ್ಲು ಹರಿಯುತ್ತಾನೆ. ಅದಕ್ಕೆ ಹೆದರಿ ಅಲ್ಲಿಯ ಜನ ಪ್ಲಂಬಿಂಗಿನಿಂದ ಪೇಂಟಿಂಗಿನವರೆಗೆ ಎಲ್ಲ ತಾವೇ ಮಾಡಿಕೊಳ್ಳುತ್ತಾರೆ. ಕೂಲಿ ದುಬಾರಿಯಾದ ಊರಿನ ಈ ಹಟವನ್ನು ಕೂಲಿ ಅಗ್ಗವಾದ ಊರಿಗೆ ಆಮದು ಮಾಡಿಕೊಂಡರೆ ಉಳಿಯುವುದೇನು? ಗುರು ತೋರಿಸಿದ್ದಕ್ಕೆಲ್ಲ ಆರ್ಡರ್ ಬಿತ್ತು: ಕ್ಲಿಪ್ಪು ಎಬ್ಬಿಸುವ ಸೆಟ್ಟು, ಸ್ಟೇಪಲ್ ಗನ್ನು, ಬಿಸಿಗಾಳಿ ಊದುವ ಇನ್ನೊಂದು ಗನ್ನು. ಕುಶನ್ ಅಂಗಡಿಯವನು ಅನ್ನ ತಿನ್ನುತ್ತಿರುವುದು ಒಂದು ಕತ್ತರಿ, ಒಂದು ಬ್ರಷ್ಷಿನ ಮೇಲೆ.

ಕಿಟಕಿ ಏರಿಸುವ ಹಿಡಿಕೆ ತೆಗೆಯುವ ಉಪಾಯ ಮಾತ್ರ ಚಂದ ಇತ್ತು. ಹಿಡಿಕೆಯ ಹಿಂದೆ ಬಟ್ಟೆಯ ಚೂರು ಸಿಕ್ಕಿಸಿ ಗರಗಸದ ಹಾಗೆ ಆಚೀಚೆ ಎಳೆದರೆ ಒಳಗಿನ ಸ್ಪ್ರಿಂಗ್ ಲಾಕು ಹೊರಬರುತ್ತದೆ. ಬಂತು. ಎಲ್ಲಿಗೆ ಹಾರಿತೆಂಬುದನ್ನು ಗುರು ಹೇಳಿರಲಿಲ್ಲ. ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಯಲ್ಲಿ ಅದನ್ನು ಹುಡುಕಿ ತೆಗೆದವರು ಮಾಸ್ತರರ ಹೆಂಡತಿ. ಆ ಹುಡುಕಾಟಕ್ಕೂ ಕೂಲಿ ಇಲ್ಲ, ಮನೆ ಲೆಕ್ಕ.

ಹಲಗೆ ಕಿತ್ತಾಗ ಅದರ ಹಿಂದೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯೊಂದು ಸಿಕ್ಕಿತು. ಮಾಸ್ತರರು ಅದನ್ನು ಕಸವೆಂದು ತೀರ್ಮಾನಿಸಿ ತಿಪ್ಪೆಗೆ ಹಾಕಿದರು. ಮಳೆನೀರು ಗಾಜಿನ ಗುಂಟ ಬಾಗಿಲಿನ ಹೊಟ್ಟೆಗೆ ಇಳಿದೇ ಇಳಿಯುತ್ತದೆ, ತಳದ ತೂತಿನಿಂದ ಹೊರಗೂ ಹೋಗುತ್ತದೆ. ಆ ನೀರು ಹಲಗೆಗೆ ತಾಗದಂತೆ ತಡೆಯುವುದು ಆ ಹಾಳೆಯೇ. “ನಮ್ಮ ಕಡೆ ಮಳಿ ಎಲ್ಲೈತಿ ಬಿಡ್ರಿ” ಎಂದರು ಮಾಸ್ತರರು. ಬರಗಾಲ ಇಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ಬೆಂಗಳೂರಿನ ಅಳಿಯನ ಸಲಹೆ ಬಂತು: ರೆಕ್ಸಿನ್ ಯಾಕೆ, ಗುಳೇದಗುಡ್ಡದ ಖಣ ಹಚ್ಚಿ, ಎಥ್ನಿಕ್ ಲುಕ್ ಬರುತ್ತೆ. ಬೆಂಗಳೂರಿಗೆ ಖಣ ಗೊತ್ತಾದಾಗಿನಿಂದ ಅದು ಪರ್ಸು, ಫೈಲು, ದಿಂಬು ಎಲ್ಲ ಆಗಿದೆ. ಕುಪ್ಪಸ ಆಗುವುದಷ್ಟೇ ಕಡಿಮೆ. ತೆಳು ಬಟ್ಟೆಯಲ್ಲಿ ಅಂಟು ಜಿನುಗಿ ಕಲೆ ಬೀಳುತ್ತದೆಂಬುದು ಒಂದು ಬಾಗಿಲಿನ ಖಣ ಹಾಳಾದ ಮೇಲೆ ತಿಳಿಯಿತು. ಮತ್ತೆ ರೆಕ್ಸಿನ್ನೇ ಗತಿ.

ರಬ್ಬರ್ ಅಂಟಿನ ಶಾಸ್ತ್ರ ಸಣ್ಣದು. ಹಲಗೆಗೂ ರೆಕ್ಸಿನ್ನಿಗೂ ತೆಳ್ಳಗೆ ಸವರಬೇಕು, ಬೆರಳಿಗೆ ಹತ್ತದಷ್ಟು ಆರಲು ಬಿಡಬೇಕು, ಆಮೇಲೆ ಕೂಡಿಸಬೇಕು. ಒಮ್ಮೆ ಕೂಡಿಸಿದರೆ ಮತ್ತೆ ಬಿಡಿಸುವಂತಿಲ್ಲ. ಮಾಸ್ತರರು ಹಸಿಹಸಿಯಾಗಿಯೇ ಒತ್ತಿದರು, ಅದೂ ಒಂದು ಅಂಚಿನಿಂದ. ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕುಳಿತಿದ್ದ ಅವರ ತಾಯಿ ಕನ್ನಡಕದ ಮೇಲಿಂದ ನೋಡಿ, “ತಮ್ಮಾ, ನಡು ಮೊದಲ ಹಿಡಿ. ಅಂಚು ಆಮ್ಯಾಲೆ. ಇಲ್ಲಾಂದ್ರ ನಿರಿಗಿ ಬೀಳತಾವ” ಎಂದರು. ಹಳೇ ಸೀರೆ, ಹಳೇ ಧೋತರಗಳನ್ನು ಸುಕ್ಕಿಲ್ಲದೆ ಹಾಸಿ ಹೊಲಿಯುತ್ತಲೇ ಮುಪ್ಪಾದ ಕೈ ಅದು. ಆದರೆ ಮುದುಕಿಗೆ ಚಾನೆಲ್ ಇಲ್ಲ, ಸಬ್‌ಸ್ಕ್ರೈಬರ್‌ಗಳಿಲ್ಲ. ಮಾಸ್ತರರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗುರುವಿನ ಇಂಗ್ಲಿಷ್ ಕೇಳುತ್ತಿದ್ದರು.

ನಮ್ಮ ಸೀಮೆಯೇ ಹೀಗೆ. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಸೀರೆ ಕೊಳ್ಳುವಾಗ ಇನ್ನೂರು ರೂಪಾಯಿ ಬಿಡಿಸಿಕೊಂಡು ಬಂದವರು ಅಮೀನಗಡದಲ್ಲಿ ಗಾಡಿ ನಿಲ್ಲಿಸಿ, ಡಬ್ಬಿಯ ಮೇಲೆ ಅಚ್ಚಾದ ರೇಟು ಕೊಟ್ಟು ಕರದಂಟು ತಿನ್ನುತ್ತಾರೆ. ಅಚ್ಚಾದ ರೇಟಿಗೆ ಬಾಯಿ ಮುಚ್ಚುತ್ತದೆ. ಕೈ ತೋರಿಸಿ ಕೇಳಿದ ರೇಟಿಗೆ ಬಾಯಿ ಬರುತ್ತದೆ. ಮಾಸ್ತರರ ಬಜೆಟ್ಟಿನಲ್ಲೂ ಗನ್ನಿಗೆ ಜಿಎಸ್‌ಟಿ ಸಮೇತ ಕಾಲಂ ಇತ್ತು. ಕೈಯ ಕಾಲಮ್ಮಿನಲ್ಲಿ ಮಾತ್ರ ಸೊನ್ನೆ.

ಹೊಸ ಕಾರಿನವರು ಇದನ್ನು ಓದಿ ಮುಸಿಮುಸಿ ನಗಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಗಾಡಿಗಳ ಬಾಗಿಲಿನ ಒಳಮೈಯ ತುಂಡುಗಳನ್ನು ಕಾಸಿ ಕರಗಿಸಿಯೇ ಕೂಡಿಸಿರುತ್ತಾರೆ. ಬಿಚ್ಚುವ ಮಾತೇ ಇಲ್ಲ. ಅಂಗೈ ಅಗಲ ಹರಿದರೂ ಇಡೀ ಪ್ಯಾನೆಲ್ ಬದಲಿಸಿ ಎನ್ನುತ್ತಾರೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆದು ಅದರಲ್ಲಿ ವಾಹನಗಳನ್ನೂ ಸೇರಿಸಿದೆ. ಹಕ್ಕು ಪೋರ್ಟಲ್ಲಿನಲ್ಲಿದೆ, ಸ್ಕ್ರೂ ಬಾಗಿಲಿನಲ್ಲಿಲ್ಲ.

ಕೆಲಸವೇನೋ ಮುಗಿಯಿತು. ಕಾರು ಎರಡು ದಿನ ಮಿಂಚಿತು, ಮಾಸ್ತರರು ಓಣಿಗೆಲ್ಲ ಬಾಗಿಲು ತೆರೆದು ತೋರಿಸಿದರು. ಮೂರನೇ ಮಧ್ಯಾಹ್ನದ ಬಿಸಿಲಿಗೆ ಹಸಿ ಅಂಟಿನೊಳಗೆ ಸಿಕ್ಕ ಆವಿ ಎದ್ದು, ನಾಲ್ಕೂ ಬಾಗಿಲಿಗೆ ಸಿಡುಬು ಎದ್ದಂತಾಯಿತು. ಹಿಂದೆಯೇ ಬಂತು ಅಡ್ಡಮಳೆ. ಬರಬಾರದಿತ್ತು, ಬಂತು. ಹಾಳೆ ಇಲ್ಲದ ಹಲಗೆ ನೀರು ಕುಡಿದು ಉಬ್ಬಿತು, ಕ್ಲಿಪ್ಪುಗಳು ಟಪಟಪ ಕಳಚಿಕೊಂಡವು.

ಮಾಸ್ತರರು ಮತ್ತೆ ಅದೇ ಕುಶನ್ ಅಂಗಡಿಗೆ ಹೋದರು. ಆತ ಬಾಗಿಲು ತಟ್ಟಿ ನೋಡಿ ಮೊದಲಿಗಿಂತ ಜಾಸ್ತಿ ಹೇಳಿದ.

“ಅಲ್ಲಪಾ, ಅರ್ಧಾ ಕೆಲಸಾ ನಾನs ಮಾಡೀನಿ. ಇನ್ನಷ್ಟು ಕಡಿಮಿ ಆಗಬೇಕಲಾ?”

“ಅದಕ್ಕs ಜಾಸ್ತಿರಿ ಸರ. ಹಚ್ಚಾಕ ಒಂದ ಕೂಲಿ, ನೀವು ಹಚ್ಚಿದ್ದ ಕೀಳಾಕ ಒಂದ ಕೂಲಿ.”

ಮಾಸ್ತರರು ಜೇಬಿಗೆ ಕೈ ಹಾಕಿ ಮೊಬೈಲು ತೆಗೆದರು. ಅಡ್ವಾನ್ಸ್ ಹಾಕುತ್ತಾರೆಂದು ಆತ ಸ್ಕ್ಯಾನ್ ಮಾಡುವ ರಟ್ಟು ಮುಂದೆ ಹಿಡಿದ. ಇವರು ಅಂಟು ಕೀಳುವ ವಿಡಿಯೊ ಹುಡುಕುತ್ತಿದ್ದರು.