ಅನ್‌ಲಿಮಿಟೆಡ್ ಅಳಿಯ

ಅನ್‌ಲಿಮಿಟೆಡ್ ಪ್ಯಾಕು ಬಂದ್ ಆಗುತ್ತದಂತೆ ಎಂಬ ಸುದ್ದಿ ನಮ್ಮ ಬೆಳಗಾವಿಯ ಕ್ಯಾಂಪಿಗೆ ಮಳೆಗಾಲದ ನೆಗಡಿಯ ಹಾಗೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಹೈ ಸ್ಟ್ರೀಟಿನ ರೀಚಾರ್ಜ್ ಅಂಗಡಿಯಲ್ಲಿ ಹಿಂದಿಯಲ್ಲಿ ಹುಟ್ಟಿ, ಮೀನು ಮಾರುಕಟ್ಟೆಯಲ್ಲಿ ಮರಾಠಿ ಕಲಿತು, ನಮ್ಮ ಓಣಿಗೆ ತಲುಪುವಷ್ಟರಲ್ಲಿ ಕನ್ನಡದ ನಾಲ್ಕು ಬೈಗುಳಗಳನ್ನೂ ಸೇರಿಸಿಕೊಂಡಿರುತ್ತದೆ. ಆಮೇಲೆ ಓಣಿಯವರೆಲ್ಲ ನನ್ನ ಮುಖ ನೋಡುತ್ತಾರೆ. ಟೆಲಿಕಾಂ ವಿಷಯದಲ್ಲಿ ನಾನು ತಜ್ಞ ಎಂದು ಇಲ್ಲಿ ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನೂ ನಾನೇ.

ನನ್ನ ಪಾಂಡಿತ್ಯಕ್ಕೆ ತಳಪಾಯ ಬಿದ್ದದ್ದು 1 ಜಿಬಿಗೆ ಹತ್ತಿರ ಹತ್ತಿರ 250 ರೂಪಾಯಿ ಇದ್ದ ಕಾಲದಲ್ಲಿ. ಆಗ ಮುಂಜಾನೆ ಡೇಟಾ ಆನ್ ಮಾಡಿ, ಬಂದ ಗುಡ್ ಮಾರ್ನಿಂಗುಗಳನ್ನು ಒಳಗೆ ಬಿಟ್ಟುಕೊಂಡು, ಕೂಡಲೇ ಆಫ್ ಮಾಡಿ, ದಿನವಿಡೀ ಅವನ್ನೇ ತಿರುಗಾಮುರುಗಾ ಓದುತ್ತಿದ್ದೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ಡಿಸೆಂಬರ್ 31ರವರೆಗೆ ಎಲ್ಲ ಪುಕ್ಕಟೆ ಎಂದರು. ಅದು ಮುಗಿಯುವಷ್ಟರಲ್ಲಿ 2017ರ ಮಾರ್ಚ್ 31ರವರೆಗೂ ಪುಕ್ಕಟೆ ಎಂದರು. ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತು ಹೆಬ್ಬೆಟ್ಟು ಒತ್ತಿ ಸಿಮ್ ತಂದೆ. ಡಿಗ್ರಿ ಮಾಡಿದವನೊಬ್ಬ ಅಷ್ಟು ಹೆಮ್ಮೆಯಿಂದ ಹೆಬ್ಬೆಟ್ಟು ಒತ್ತಿದ್ದನ್ನು ನೋಡಿ ಅಂಗಡಿಯವನಿಗೂ ಮುಜುಗರವಾಯಿತು. ಪುಕ್ಕಟೆ ಮುಗಿದು ಹೋದೀತೆಂಬ ಭಯಕ್ಕೆ ರಾತ್ರಿ ಎದ್ದು ಕೂತು ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡಿದೆ. ಜೇನು ಸಾಕಣೆ, ತಬಲಾ ಪಾಠ, ಯಾವುದೋ ಭಾಷೆಯ ಯುದ್ಧದ ಸಿನಿಮಾ. ಆ ಮೆಮೊರಿ ಕಾರ್ಡು ಇನ್ನೂ ಕಪಾಟಿನಲ್ಲಿದೆ. ಅದು ಕೂರುವ ಫೋನು ಮಾತ್ರ ಮನೆಯಲ್ಲಿಲ್ಲ.

ಅಲ್ಲಿಂದ ಮುಂದೆ ದರ ಏರಿದಾಗಲೆಲ್ಲ ನನ್ನ ಭಾಷಣ. 2019ರ ಡಿಸೆಂಬರಿನಲ್ಲಿ ಏರಿತು, 2021ರ ಕೊನೆಯಲ್ಲಿ ಏರಿತು, 2024ರ ಜುಲೈ ತಿಂಗಳಲ್ಲಿ ಏರಿತು. ತಿಂಗಳೆಂದರೆ 28 ದಿನ ಎಂದು ಕಂಪನಿಗಳು ಪಂಚಾಂಗವನ್ನೇ ತಿದ್ದಿದ್ದರಿಂದ ವರ್ಷಕ್ಕೆ 13 ರೀಚಾರ್ಜು ಬೀಳುತ್ತದೆ ಎಂಬುದನ್ನು ಓಣಿಗೆ ಮೊದಲು ಲೆಕ್ಕ ಹಾಕಿ ತೋರಿಸಿದವನು ನಾನು. 30 ದಿನದ್ದೂ ಒಂದು ಪ್ಯಾಕು ಇಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2022ರ ಜನವರಿಯಲ್ಲಿ ಆದೇಶ ಹೊರಡಿಸಿದಾಗ ಓಣಿಯವರು ನನ್ನನ್ನೇ ಅಭಿನಂದಿಸಿದರು. ನಾನೂ ಬೇಡ ಎನ್ನಲಿಲ್ಲ. ಏರ್‌ಟೆಲ್‌ನ ಸುನೀಲ್ ಮಿತ್ತಲ್ 2020ರಲ್ಲಿ ಏನಂದಿದ್ದರೆಂದೂ ನನಗೆ ಬಾಯಿಪಾಠ. ತಿಂಗಳಿಗೆ 160 ರೂಪಾಯಿಗೆ 16 ಜಿಬಿ ಕೊಡುವುದು ದುರಂತ, ಇದೇ ದುಡ್ಡಿಗೆ 1.6 ಜಿಬಿ ಬಳಸಿ, ಇಲ್ಲವೇ ಹೆಚ್ಚು ಕೊಡಲು ತಯಾರಾಗಿ ಎಂಬರ್ಥದ ಮಾತು. ಆ ದುರಂತ ನನ್ನ ಬಾಳಿನಲ್ಲಿ ಇನ್ನಷ್ಟು ದಿನ ಮುಂದುವರಿಯಲಿ ಎಂದು ನಾನು ಮಿಲಿಟರಿ ಮಹಾದೇವನಿಗೆ ಕಾಯಿ ಒಡೆಸಿದ್ದುಂಟು.

ಈಗ ನನ್ನದು ದಿನಕ್ಕೆ 2 ಜಿಬಿಯ ಪ್ಯಾಕು. ಕಂಪನಿಯ ಹೆಸರು ಬೇಡ, ಬೇರೆ ಕಂಪನಿಯವರೇನು ಸಾಚಾ ಅಂತಲ್ಲ. 2024ರ ಜುಲೈ ನಂತರ 5ಜಿಯಲ್ಲಿ ಅನ್‌ಲಿಮಿಟೆಡ್ ಬೇಕೆಂದರೆ ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಮೇಲಿನ ಪ್ಯಾಕನ್ನೇ ಹಾಕಿಸಬೇಕು ಎಂದು ಜಿಯೋ, ಏರ್‌ಟೆಲ್ ಎರಡೂ ನಿಯಮ ಮಾಡಿದವು. 5ಜಿ ಸಿಕ್ಕಾಗ ಲೆಕ್ಕವಿಲ್ಲ. ಫೋನು 4ಜಿಗೆ ಇಳಿಯಿತೋ, 2 ಜಿಬಿಯ ಮೀಟರು ಓಡಲು ಶುರು. ಈ ಎರಡನೆಯ ಅರ್ಧವನ್ನು ಅವರು ಬಹಳ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನಾನು ಕನ್ನಡಕ ಹಾಕಿಕೊಂಡು ಓದುವುದು ಪಂಚಾಂಗ ಮಾತ್ರ.

ಇನ್ನು ನಮ್ಮ ಮನೆ. ಹಳೆಯ ಬಂಗಲೆಯ ಹಿಂಭಾಗದ ಎರಡು ಕೋಣೆ, ಕಲ್ಲಿನ ಗೋಡೆ. ದಪ್ಪ ಎಷ್ಟೆಂದರೆ ಕಿಟಕಿಯ ಹಲಗೆಯ ಮೇಲೆ ನಾನು ಮಲಗಬಹುದು, ಜಗಳವಾದ ರಾತ್ರಿ ಮಲಗಿದ್ದೇನೆ. 5ಜಿ ಹೆಚ್ಚಾಗಿ ಬರುವುದು 3,500 ಮೆಗಾಹರ್ಟ್ಸ್ ಆಸುಪಾಸಿನ ಅಲೆಯಲ್ಲಿ. ವೇಗ ಜಾಸ್ತಿ, ಗೋಡೆ ತೂರುವ ತಾಕತ್ತು ಕಡಿಮೆ. ಹಾಗಾಗಿ ನಮ್ಮ ಅನ್‌ಲಿಮಿಟೆಡ್ ಇರುವುದು ಅಂಗಳದ ಮಾವಿನ ಮರದ ಕೆಳಗೆ. ಬೆಳಿಗ್ಗೆ ಲುಂಗಿಯಲ್ಲಿ ಅಲ್ಲಿ ನಿಂತು ಫೋನನ್ನು ಆಕಾಶಕ್ಕೆ ಹಿಡಿದಿದ್ದರೆ, ಓಡುತ್ತ ಹೋಗುವ ಮರಾಠಾ ಲೈಟ್ ಇನ್‌ಫಂಟ್ರಿಯ ಹುಡುಗರು ನನ್ನನ್ನು ನೋಡಿ ಹೆಜ್ಜೆ ತಪ್ಪುತ್ತಾರೆ.

ಇಂಥ ವೈಭವದ ದಿನಗಳಲ್ಲೇ ಹೆಂಡತಿಯ ತವರಿನಲ್ಲಿ ನಿಶ್ಚಿತಾರ್ಥ ಗೊತ್ತಾಯಿತು. ಊರು ಖಾನಾಪುರ ತಾಲ್ಲೂಕಿನಲ್ಲಿ, ಜಾಂಬೋಟಿ ದಾಟಿ ಕಣಕುಂಬಿ ಕಡೆಗೆ. ಮಲಪ್ರಭೆ ಹುಟ್ಟುವ ಸೀಮೆ.

"ರೀ, ಪುಣೆದಾಗಿನ ಅಕ್ಕಗ ಮೊಣಕಾಲು ನೋವಂತ, ಬರಾಕ ಆಗಂಗಿಲ್ಲ. ಫೋನಿನ್ಯಾಗ ಸ್ವಲ್ಪ ತೋರಸ್ರಿ ಅಂದಾಳ."

"ಸ್ವಲ್ಪ ಯಾಕ? ಪೂರಾ ಲೈವ್ ಮಾಡ್ತೀನಿ. ನಂದು ಅನ್‌ಲಿಮಿಟೆಡ್ ಐತಿ."

ಈ ಔದಾರ್ಯದ ಹಿಂದೆ ನನ್ನ ಷಡ್ಡಕ ಇದ್ದಾನೆ. ಅಕ್ಕನ ಗಂಡ. ಪುಣೆಯಲ್ಲಿ ಸ್ವಂತ ಫ್ಲ್ಯಾಟು, ಪೋಸ್ಟ್‌ಪೇಯ್ಡ್ ಕನೆಕ್ಷನ್, ಮಾವನವರ ಬಾಯಲ್ಲಿ "ದೊಡ್ಡ ಅಳಿಯಂದಿರು". ನಾನು "ಕ್ಯಾಂಪಿನವ್ರು". ಆತ ಫೋನಿನಲ್ಲೇ ಕೇಳಿದ, "ಅಲ್ಲೆ ನೆಟ್‌ವರ್ಕ್ ಸಿಗತದೇನ್ರಿ?" ನಾನು ನಕ್ಕೆ. ಆ ನಗುವನ್ನು ಈಗ ಎಲ್ಲಾದರೂ ವಾಪಸು ತೆಗೆದುಕೊಳ್ಳುತ್ತಾರೇನೋ ಎಂದು ವಿಚಾರಿಸುತ್ತಿದ್ದೇನೆ.

ಕ್ರೂಸರ್ ಮಾಡಿಕೊಂಡು ಹೊರಟೆವು. ಬೆಳಗಾವಿಯಲ್ಲಿ ಓದುವ ಹೆಂಡತಿಯ ಕಡೆಯ ಹುಡುಗರು ಹಿಂದಿನ ಸೀಟಿನಲ್ಲಿ. ಖಾನಾಪುರ ರಸ್ತೆಯಲ್ಲಿ ಕ್ಯಾಂಪ್ ಮುಗಿಯುವ ಮೊದಲೇ, "ಮಾಮಾ, ಹಾಟ್‌ಸ್ಪಾಟ್ ಹಚ್ರಿ" ಎಂದರು. ಹಚ್ಚಿದೆ. "ಪಾಸ್‌ವರ್ಡ್?" "ಒಂದರಿಂದ ಎಂಟು." ಇಂಥ ಪಾಸ್‌ವರ್ಡಿಗೆ ಡ್ರೈವರನೂ ಸೇರಿಕೊಂಡ.

ಖಾನಾಪುರದಲ್ಲಿ ಕಾರ್ಯ ನಡೆಸಿಕೊಡುವ ಅಯ್ಯನವರು ಹತ್ತಿದರು. ಕೈಯಲ್ಲಿ ಒಂದು ಬಟನ್ ಫೋನು, ರಬ್ಬರ್ ಬ್ಯಾಂಡ್ ಸುತ್ತಿದ್ದು. ಹೊಸ ಶ್ರೋತೃ ಸಿಕ್ಕ ಖುಷಿಗೆ ನಾನು ಅಮೆರಿಕಕ್ಕೇ ಕೈ ಹಾಕಿದೆ. ಐಫೋನು ಬಂದ 2007ರಲ್ಲಿ ಅಲ್ಲಿನ ಎಟಿ ಅಂಡ್ ಟಿ ಕಂಪನಿ ಅನ್‌ಲಿಮಿಟೆಡ್ ಕೊಟ್ಟಿದ್ದು, ಜನ ನಿಜಕ್ಕೂ ಬಳಸತೊಡಗಿದಾಗ ಕಂಗಾಲಾಗಿ 2010ರ ಜೂನ್‌ನಲ್ಲಿ ಹೊಸಬರಿಗೆ ಬಾಗಿಲು ಹಾಕಿದ್ದು, ಹಳಬರ ಪ್ಯಾಕು ಹಾಗೇ ಇಟ್ಟು ಹೆಚ್ಚು ಬಳಸಿದವರ ವೇಗವನ್ನು ಹಿಚುಕಿದ್ದು, ಅದಕ್ಕೆ ಸರ್ಕಾರದ ವ್ಯಾಪಾರ ಆಯೋಗ 2014ರಲ್ಲಿ ಕೇಸು ಜಡಿದದ್ದು, ಕೊನೆಗೆ 2019ರಲ್ಲಿ ಕಂಪನಿ 6 ಕೋಟಿ ಡಾಲರ್ ಕಟ್ಟಿ ಕೈ ತೊಳೆದುಕೊಂಡದ್ದು. ಅಷ್ಟರಲ್ಲಿ ಪೈಪೋಟಿ ಹೆಚ್ಚಾಗಿ ವೆರೈಝನ್ನಿನಂಥವರೇ 2017ರಲ್ಲಿ ಅನ್‌ಲಿಮಿಟೆಡ್ಡನ್ನು ಮತ್ತೆ ಕರೆತಂದದ್ದು.

ಅಯ್ಯನವರು ಎಲ್ಲ ಕೇಳಿ, "ಅಂದ್ರ ಕೊಟ್ಟಂಗ ಮಾಡೂದು, ತಗೊಂಡ್ರ ಕೈ ಹಿಡಿಯೂದು. ಹೌದಲ್ರಿ?" ಎಂದರು. ಆಯೋಗ ಐದು ವರ್ಷ ತೆಗೆದುಕೊಂಡದ್ದನ್ನು ಅವರು ಒಂದು ಎಲೆ ಅಡಿಕೆಯಲ್ಲಿ ಮುಗಿಸಿದರು.

ನಾನು ವಾಷಿಂಗ್ಟನ್ನಿನಲ್ಲಿದ್ದಾಗ ಫೋನು ಯಾವಾಗಲೋ 4ಜಿಗೆ ಇಳಿದಿತ್ತು. ಹಿಂದೆ ಕೂತ ಹುಡುಗರು ರೀಲ್ಸ್ ನೋಡುತ್ತಿದ್ದರು, ಅದು ಹೋಗಲಿ. ಅವರ ಫೋನುಗಳು ನನ್ನ ಹಾಟ್‌ಸ್ಪಾಟನ್ನು ಮನೆಯ ವೈಫೈ ಎಂದೇ ನಂಬಿ, ಬಾಕಿ ಇದ್ದ ಅಪ್‌ಡೇಟುಗಳನ್ನೆಲ್ಲ ಇಳಿಸಿಕೊಳ್ಳತೊಡಗಿದ್ದವು. ಕಾಲೇಜಿನ ಗ್ಯಾದರಿಂಗಿನ ಫೋಟೋಗಳನ್ನೆಲ್ಲ ಮೋಡಕ್ಕೆ ಏರಿಸುತ್ತಿದ್ದವು. ಡ್ರೈವರನ ಫೋನು ಇಡೀ ಆಂಡ್ರಾಯ್ಡನ್ನೇ ಹೊಸದು ಮಾಡಿಕೊಳ್ಳುತ್ತಿತ್ತು. ಅರ್ಧ ಮುಗಿಯಿತು ಎಂಬ ಮೆಸೇಜು ಬಂದಾಗ ನಾನು ಜಾಹೀರಾತೆಂದು ಅಳಿಸಿದೆ. ಶೇಕಡಾ 90 ಎಂದದ್ದನ್ನೂ ಅಳಿಸಿದೆ. ಜಾಂಬೋಟಿಯ ಚಹಾದ ಅಂಗಡಿಯ ಮುಂದೆ ಬಂದ ಮೆಸೇಜನ್ನು ಹೆಂಡತಿ ಓದಿದಳು: ಇವತ್ತಿನ ಡೇಟಾ ಪೂರ್ತಿ ಮುಗಿದಿದೆ, ಇನ್ನು ಮುಂದೆ ವೇಗ 64 ಕೆಬಿಪಿಎಸ್.

"ಮುಗದೈತಿ ಅಂತ ಬರದಾರ್ರಿ."

"ಮುಗಿಯಾಂಗಿಲ್ಲ. ಅನ್‌ಲಿಮಿಟೆಡ್ ಐತಿ. ವೇಗ ಅಷ್ಟ ಕಡಿಮಿ."

ನಾನು ಹೇಳಿದ್ದರಲ್ಲಿ ಕಾನೂನಿನ ಪ್ರಕಾರ ಒಂದಕ್ಷರ ತಪ್ಪಿಲ್ಲ. 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 8 ಕಿಲೋಬೈಟ್. 4 ಎಂಬಿಯ ಒಂದು ಫೋಟೋ ಕಳಿಸಲು 8 ನಿಮಿಷ ದಾಟುತ್ತದೆ. ಆ ವೇಗದಲ್ಲಿ ಮಿತಿಯಿಲ್ಲದೆ, ರಾತ್ರಿ 12ರವರೆಗೂ, ಯಾರ ಅಡ್ಡಿಯೂ ಇಲ್ಲದೆ ಬಳಸುವ ಹಕ್ಕು ನನಗಿತ್ತು.

ಇಪ್ಪತ್ತು ರೂಪಾಯಿ ಆಚೀಚೆ ಕೊಟ್ಟರೆ ಒಂದು ಜಿಬಿಯ ಬೂಸ್ಟರ್ ಸಿಗುತ್ತದೆ. ಸಿಗುತ್ತದೆ, ಆದರೆ ದುಡ್ಡು ಕಳಿಸಲು ಯುಪಿಐ ತೆರೆಯಬೇಕು, ಯುಪಿಐ ತೆರೆಯಲು ಡೇಟಾ ಬೇಕು. ಚಕ್ರ ತಿರುಗಿತು, ತಿರುಗಿತು, ನಿಂತಿತು. ಹುಡುಗರನ್ನು ಕೇಳಿದೆ, "ನಿಮ್ಮ ಡೇಟಾದಾಗ ಒಂದೀಟು ಹಚ್ರಿ." ಅವರ ಪ್ಯಾಕು ಹಿಂದಿನ ವಾರವೇ ಮುಗಿದಿತ್ತಂತೆ. ಅದಕ್ಕೇ ಮಾಮಾನ ಮೇಲೆ ಅಷ್ಟು ಪ್ರೀತಿ.

ಊರು ಮುಟ್ಟಿದೆವು. ಅಲ್ಲಿ ನೆಟ್‌ವರ್ಕ್ ಇರುವುದು ಮಾರುತಿ ಗುಡಿಯ ಕಟ್ಟೆಯ ಎಡಗಡೆಯ ಮೂಲೆಯಲ್ಲಿ. ಊರವರೆಲ್ಲರಿಗೂ ಗೊತ್ತು, ಅಳಿಯನಿಗೆ ಮಾತ್ರ ಹೊಸದು. ಕಟ್ಟೆ ಹತ್ತಿದೊಡನೆ ಗೋವಾಕ್ಕೆ ಸ್ವಾಗತ ಎಂಬ ಮೆಸೇಜು. ಫೋನು ಗಡಿಯಾಚೆಯ ಟವರು ಹಿಡಿದಿತ್ತು.

ಹಿಂದೆಯೇ ಬಂದಿದ್ದ ಮಾವನವರು ಹೇಳಿದರು, "ಮೊದಲ ರೋಮಿಂಗ್ ಅಂತ ಇತ್ತು ನೋಡ್ರಿ. ನಮ್ಮ ಅಂಗಳದಾಗ ಕುಂತು ಫೋನ್ ಎತ್ತಿದ್ರ ರೊಕ್ಕ ಹೋಗೂದು. ಈಗ ಬರೇ ಸ್ವಾಗತ ಮಾಡ್ತಾರ, ಅಷ್ಟರ ಮಟ್ಟಿಗೆ ಸುಧಾರಣಾ." ಗಡಿನಾಡಿನ ಜನ ಎರಡು ರಾಜ್ಯಗಳ ಜಗಳವನ್ನು ಪೇಪರಿನಲ್ಲಿ ಓದುತ್ತಾರೆ, ಬಿಲ್ಲಿನಲ್ಲಿ ಕಟ್ಟುತ್ತಿದ್ದರು ಎಂಬುದು ನನಗೆ ಹೊಳೆದದ್ದು ಆಗ. ಇಲ್ಲಿಂದ ಒಳಗೆ, 2011ರಲ್ಲಿ ವನ್ಯಧಾಮವಾದ ಭೀಮಗಡದ ಕಾಡಿನಲ್ಲಿ, ಗವಾಳಿ, ಆಮಗಾಂವ ಕಡೆಯ ಹಳ್ಳಿಗಳಿವೆ. ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ತರಬೇಕಾದ ದಾರಿಗಳು. ಅಲ್ಲಿಯವರಿಗೆ ಬೇಕಾದದ್ದು ದಿನಕ್ಕೆ 2 ಜಿಬಿ ಅಲ್ಲ, ಆಂಬುಲೆನ್ಸಿಗೆ ಹತ್ತುವ ಒಂದು ಕಾಲ್.

ಗುಡಿಯಿಂದ ಮನೆಗೆ ಮೂವತ್ತು ಹೆಜ್ಜೆ. ಕಾರ್ಯ ಮನೆಯಲ್ಲಿ, ನೆಟ್‌ವರ್ಕ್ ಗುಡಿಯಲ್ಲಿ. ನಾನು ಕಟ್ಟೆಯ ಮೇಲೆ ತುದಿಗಾಲಲ್ಲಿ ನಿಂತು, ಕೈ ಚಾಚಿ, ಕ್ಯಾಮೆರಾವನ್ನು ಮನೆಯ ಬಾಗಿಲಿಗೆ ಗುರಿ ಹಿಡಿದು ವಿಡಿಯೋ ಕಾಲ್ ಹಚ್ಚಿದೆ. ಹತ್ತಿತು! ಪುಣೆಯ ಅಕ್ಕನ ದನಿ "ಕಾ… ಣಾಕ… ತ್ತೀರಿ" ಎಂದಿತು. ಏನು ಕಾಣುತ್ತಿದೆ ಎಂದು ಆಮೇಲೆ ತಿಳಿಯಿತು. ಗಡಿಬಿಡಿಯಲ್ಲಿ ಮುಂದಿನ ಕ್ಯಾಮೆರಾ ಆನ್ ಆಗಿತ್ತು. ಮೊದಲನೆಯ ಚಿತ್ರ ಹೋದದ್ದೇ ಲೈನು ಗಟ್ಟಿಯಾಗಿ ನಿಂತುಬಿಟ್ಟಿತು. ಪುಣೆಯ ಫ್ಲ್ಯಾಟಿನ ದೊಡ್ಡ ಟಿವಿಯಲ್ಲಿ, ಅಕ್ಕಪಕ್ಕದವರನ್ನೂ ಕರೆದು ಕೂಡಿಸಿದ್ದ ಷಡ್ಡಕನ ಸಮ್ಮುಖದಲ್ಲಿ, ಬಾಯಿ ಅರ್ಧ ತೆರೆದ ನನ್ನ ಮೂಗಿನ ಹೊಳ್ಳೆಗಳು ಕಾರ್ಯ ಮುಗಿಯುವವರೆಗೆ ಕದಲದೆ ವಿರಾಜಮಾನವಾಗಿದ್ದವು.

ಅಕ್ಕ ಕಾಯಲಿಲ್ಲ. ತವರಿನ ಬುದ್ಧಿವಂತಿಕೆ ಇದೆಯಲ್ಲ, ತಮ್ಮನನ್ನು ಕೇಳಿ ನಂಬರು ಪಡೆದು ಅಯ್ಯನವರ ಬಟನ್ ಫೋನಿಗೇ ಕಾಲ್ ಹಚ್ಚಿದಳು. ಹೊಸ್ತಿಲ ಹತ್ತಿರ ಅದಕ್ಕೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಅಯ್ಯನವರು ಫೋನನ್ನು ತಾಂಬೂಲದ ತಟ್ಟೆಯಲ್ಲಿ, ಎಲೆ ಅಡಿಕೆಯ ಪಕ್ಕ, ಸ್ಪೀಕರ್ ಹಾಕಿ ಇಟ್ಟರು. ಮಂತ್ರ, ಸೀರೆ ಕೊಟ್ಟದ್ದು, ಬೀಗರ ಮಾತುಕತೆ, ಸಕ್ಕರೆ ಹಂಚಿದ್ದು, ಹೆಣ್ಣುಮಕ್ಕಳು ನನ್ನನ್ನು ಆಡಿಕೊಂಡು ನಕ್ಕದ್ದು, ಎಲ್ಲವೂ ಒಂದಕ್ಷರ ಮುಕ್ಕಾಗದೆ ಪುಣೆ ಮುಟ್ಟಿತು.

ಊಟಕ್ಕೆ ಕೂತಾಗ ಅಯ್ಯನವರಿಗೆ ಹೇಳಿದೆ, "ನಿಮ್ಮಂಥವರ ಸಲುವಾಗಿನ ಟ್ರಾಯ್ 2024ರ ಡಿಸೆಂಬರಿನಾಗ ನಿಯಮ ಮಾಡೈತ್ರಿ. ಡೇಟಾ ಇಲ್ಲದ, ಬರೇ ಮಾತು ಮತ್ತ ಮೆಸೇಜಿನ ಪ್ಯಾಕು ಇಡಾಕ ಬೇಕು ಅಂತ." ಅವರು ಹುಗ್ಗಿ ಬಡಿಸಿಕೊಳ್ಳುತ್ತ, "ನಿಮಗೂ ಅದನ್ನ ಹಾಕಸ್ರಿ" ಎಂದರು. ಮಾವನವರು ಇಡೀ ದಿನದಲ್ಲಿ ಮೊದಲ ಬಾರಿ ನಕ್ಕರು. ಅಂದಿನಿಂದ ಆ ಮನೆಯಲ್ಲಿ ನನಗೆ "ಅನ್‌ಲಿಮಿಟೆಡ್ ಅಳಿಯಂದಿರು" ಎಂದು ಹೆಸರು. ಹುಗ್ಗಿಯನ್ನು ಎರಡನೇ ಸಲ ಬಡಿಸುವಾಗ ಮಾತ್ರ ಅದನ್ನು ಬಳಸುತ್ತಾರೆ.

ಕ್ಯಾಂಪಿಗೆ ಮರಳಿದ ಮೇಲೂ ಓಣಿಯವರು ಕೇಳುವುದು ಬಿಟ್ಟಿಲ್ಲ: ಬಂದ್ ಆಗತೈತೇನ್ರಿ? ತಜ್ಞನ ಪಟ್ಟಕ್ಕೆ ಸ್ವಲ್ಪ ಧೂಳು ಬಿದ್ದಿದೆ ನಿಜ, ತೀರ್ಪು ಕೊಡುವ ಚಟ ಹೋಗಿಲ್ಲ. ಬಂದ್ ಆಗುವುದಿಲ್ಲ. ತಿಂಗಳಿಗೆ 20 ಜಿಬಿ ನುಂಗುವುದನ್ನು ರೂಢಿ ಮಾಡಿಸಿದ ಗಿರಾಕಿಯನ್ನು ಯಾವ ವ್ಯಾಪಾರಿಯೂ ಅಂಗಡಿಯಿಂದ ಓಡಿಸುವುದಿಲ್ಲ. ಏಣಿಯ ಕೆಳಗಿನ ಮೆಟ್ಟಿಲು ಕೀಳುತ್ತಾನೆ, ಅಷ್ಟೇ. ದಿನಕ್ಕೆ 1 ಜಿಬಿ ಕೊಡುತ್ತಿದ್ದ 249 ರೂಪಾಯಿಯ ಪ್ಯಾಕನ್ನು ಜಿಯೋ 2025ರ ಆಗಸ್ಟಿನಲ್ಲಿ ಆನ್‌ಲೈನ್ ಪಟ್ಟಿಯಿಂದ ತೆಗೆದುಹಾಕಿತು, ಏರ್‌ಟೆಲ್ ಕೂಡ ಹಿಂದೆ ಬೀಳಲಿಲ್ಲ. ಆನ್‌ಲೈನಿನಲ್ಲಿ 28 ದಿನವೂ ದಿನದ ಡೇಟಾ ಬೇಕೆಂದವನು 299 ರೂಪಾಯಿಯಿಂದ ಹತ್ತಲು ಶುರು ಮಾಡಬೇಕಾಯಿತು. ಒಬ್ಬ ಗಿರಾಕಿಯಿಂದ ತಿಂಗಳಿಗೆ 300 ರೂಪಾಯಿ ಬರಬೇಕು ಎಂದು ಮಿತ್ತಲ್ ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಅನ್‌ಲಿಮಿಟೆಡ್ ಎಂಬ ಬೋರ್ಡು ಅಲ್ಲೇ ಇರುತ್ತದೆ, ಅದರ ಕೆಳಗಿನ ಸಣ್ಣ ಅಕ್ಷರ ಇನ್ನಷ್ಟು ಸಣ್ಣದಾಗುತ್ತದೆ, ರೇಟು ದೊಡ್ಡದಾಗುತ್ತದೆ.

ನೀವು ಕಣಕುಂಬಿ ಕಡೆ ಹೊರಟವರಾದರೆ ಬೂಸ್ಟರ್ ಪ್ಯಾಕನ್ನು ಊರು ಬಿಡುವ ಮೊದಲೇ ಹಾಕಿಸಿಕೊಳ್ಳಿ, ಹಾಟ್‌ಸ್ಪಾಟಿನ ಪಾಸ್‌ವರ್ಡನ್ನು ಹೆಂಡತಿಯ ಕಡೆಯವರಿಗೆ ಕೊಡಬೇಡಿ, ಮತ್ತು ಅಯ್ಯನವರ ನಂಬರು ಬರೆದಿಟ್ಟುಕೊಳ್ಳಿ.